ಜಗಲಿಯ ಮೇಲಿನ ವಿಲಾಯತಿ ನಾಯಿ

ನಮ್ಮ ಮನೆಯ ದೇವರ ಜಗಲಿಯ ಮೇಲೆ ಈಗ ಒಂದು ಟೀ ಶರ್ಟು ಇದೆ. ಮಡಚಿ ಇಟ್ಟಿದ್ದಾರೆ, ಆದರೆ ಎದೆಯ ಮೇಲಿನ ಚಿತ್ರ ಪೂರ್ತಿ ಕಾಣುವ ಹಾಗೆ. ಒಂದು ಪಕ್ಕದಲ್ಲಿ ಮನೆದೇವರು ಮಲ್ಲಯ್ಯನ ಬೆಳ್ಳಿಯ ಮುಖ, ಇನ್ನೊಂದು ಪಕ್ಕದಲ್ಲಿ ಅವನ ಹೆಂಡತಿ ಮಾಳವ್ವನದು, ನಡುವೆ ಈ ಟೀ ಶರ್ಟು. ಕೊರಳಪಟ್ಟಿಯ ಒಳಗೆ ಅಳತೆಯ ಚೀಟಿ ಇನ್ನೂ ಹಾಗೇ ಇದೆ; ಅದರ ಮೇಲೂ ಅರಿಶಿನ ಬಿದ್ದಿದೆ. ಬಂದ ನೆಂಟರು ಕೈಮುಗಿಯಲು ಹೋಗಿ ತಡೆದು ನನ್ನ ಮುಖ ನೋಡುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಕಲಿಸುವವಳು ನಾನೊಬ್ಬಳೇ ಆದ್ದರಿಂದ ಇದು ನನ್ನದೇ ಕಾರುಬಾರು ಇರಬೇಕು ಎಂದು ಅವರ ಅನುಮಾನ. ಆ ಅನುಮಾನ ಪೂರ್ತಿ ತಪ್ಪೇನಲ್ಲ.

ಚಿತ್ರದಲ್ಲಿರುವುದು ಒಂದು ಕರಿ ನಾಯಿ. ಕರುವಿನಷ್ಟು ದೊಡ್ಡದು, ಕಣ್ಣು ಕೆಂಪಗೆ ಉರಿಯುತ್ತಿವೆ. ಹಿಂದೆ ಪಾಳುಬಿದ್ದ ಚರ್ಚು, ಅದರ ಮೇಲೆ ಅರ್ಧ ಚಂದ್ರ, ಕೆಳಗೆ ಸೊಟ್ಟಪಟ್ಟ ಇಂಗ್ಲಿಷ್ ಅಕ್ಷರಗಳಲ್ಲಿ ಅದರ ಹೆಸರು: ಬ್ಲ್ಯಾಕ್ ಶಕ್. ಇಂಗ್ಲೆಂಡಿನ ಪೂರ್ವ ದಿಕ್ಕಿನ ದೆವ್ವದ ನಾಯಿ ಇದು. ಅದು ಶಹಾಪುರದ ಗಂಜಿನ, ಅಂದರೆ ಕಾಳಿನ ಪೇಟೆಯ, ಹಿಂದಿನ ಓಣಿಗೆ ಬಂದು, ನಮ್ಮ ಮನೆ ಹೊಕ್ಕು, ದೇವರ ಸಾಲಿನಲ್ಲಿ ಕುಳಿತದ್ದು ಹೇಗೆ ಎಂದು ಹೇಳುತ್ತೇನೆ. ಆದರೆ ಮೊದಲು ನನ್ನ ಹೊಟ್ಟೆಕಿಚ್ಚಿನ ಬಗ್ಗೆ ಹೇಳಬೇಕು. ಅದಿಲ್ಲದೆ ಈ ಕಥೆಯಲ್ಲಿ ನಾಯಿಗೆ ಕೆಲಸವೇ ಇಲ್ಲ.

ಕೆಲವರಿಗೆ ಹುಟ್ಟಿನಿಂದ ದಮ್ಮು ಇರುತ್ತದೆ, ಕೆಲವರಿಗೆ ಅರೆತಲೆನೋವು. ನನಗೆ ಹೊಟ್ಟೆಕಿಚ್ಚು. ಹೋಗುವುದಿಲ್ಲ, ಮದ್ದಿಲ್ಲ, ಹವೆ ಬದಲಾದಾಗ ಜಾಸ್ತಿಯಾಗುತ್ತದೆ. ತಿಂಥಣಿಯ ನನ್ನ ತವರಿನಲ್ಲಿ, ನಾನು ಇನ್ನೂ ಲಂಗ ತೊಡುವ ಕಾಲಕ್ಕೆ, ನನ್ನ ತಂಗಿಗೆ ದಡಾರ ಬಂತು. ಅವಳಿಗೆ ಬೇವಿನೆಲೆ ಹಾಸಿದ ಹಾಸಿಗೆ, ಕಲ್ಲುಸಕ್ಕರೆ ಹಾಕಿದ ತಣ್ಣನೆಯ ಹಾಲು. ಹೊಳೆಯಿಂದ ಬಂದ ಅಪ್ಪ ಕಾಲು ತೊಳೆದುಕೊಂಡೇ ಅವಳ ಹತ್ತಿರ ಹೋಗುತ್ತಿದ್ದ. ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅವ್ವ ನೀರಿಗೆ ಹೋದ ಹೊತ್ತು ನೋಡಿ ತಂಗಿಯ ಪಕ್ಕ ಮಲಗಿ, ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡೆ. ನನಗೂ ದಡಾರ ಬಂತು. ಆದರೆ ಅಷ್ಟೊತ್ತಿಗೆ ಮನೆಯವರಿಗೆ ಸೇವೆ ಮಾಡಿ ಸಾಕಾಗಿತ್ತು. ಬೇವಿನೆಲೆ ಒಣಗಿದ್ದವು, ಕಲ್ಲುಸಕ್ಕರೆ ತೀರಿತ್ತು, ತಂಗಿ ಎದ್ದು ಅಂಗಳದಲ್ಲಿ ಆಡುತ್ತಿದ್ದಳು. ನಾನು ಒಳಗೆ ಮಲಗಿ ಅವಳು ಆಡುವ ಸದ್ದು ಕೇಳುತ್ತಾ ಮತ್ತೆ ಉರಿದುಕೊಂಡೆ.

ಈಗಲೂ ಅಷ್ಟೇ. ನಾನು ದಿನಾ ಬಸ್ಸಿನಲ್ಲಿ ಸುರಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುವವರನ್ನು ಕಂಡರೆ ಹೊಟ್ಟೆಕಿಚ್ಚು. ಗಣಿತದ ಮೇಡಂ ಬೋರ್ಡಿನ ಮೇಲೆ ಕೈಯಿಂದಲೇ ದುಂಡಗೆ ವೃತ್ತ ಎಳೆಯುತ್ತಾರೆ, ಅದಕ್ಕೂ ಹೊಟ್ಟೆಕಿಚ್ಚು. ನೀವು ಇದನ್ನು ಓದುತ್ತಾ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದರೆ ನಿಮ್ಮ ಮೇಲೂ ಸ್ವಲ್ಪ ಇದೆ ಎಂದು ತಿಳಿಯಿರಿ.

ಇಂಥ ನನ್ನನ್ನು ತಂದು ಮಲ್ಲಯ್ಯನ ಮನೆಗೆ ಕೊಟ್ಟರು. ಯಾದಗಿರಿ ಹತ್ತಿರದ ಮೈಲಾಪುರದ ಮಲ್ಲಯ್ಯ ಈ ಮನೆಯ ದೇವರು. ಆ ದೇವರ ಜೊತೆ ನಾಯಿ ಇರುತ್ತದೆ. ಹಾಗಾಗಿ ಅವನ ಒಕ್ಕಲಿನವರು ತಾವೂ ಅವನ ನಾಯಿಗಳೇ ಎನ್ನುತ್ತಾರೆ, ಸುಮ್ಮನೆ ಬಾಯಿಮಾತಿಗಲ್ಲ. ಹೊಸ ಸೊಸೆ ಬಂದ ಮೊದಲ ಭಾನುವಾರ ಅಂಗಳದಲ್ಲಿ ದೋಣಿ ತುಂಬುತ್ತಾರೆ. ದೋಣಿ ಎಂದರೆ ಮರದ ಬಟ್ಟಲು. ಅದರಲ್ಲಿ ಹಾಲು, ಬಾಳೆಹಣ್ಣು, ಬೆಲ್ಲ. ಮನೆಯ ಗಂಡಸರು ಕರಿ ಕಂಬಳಿ ಹೊದ್ದು, ಮಂಡಿಯೂರಿ, ಬೊಗಳುತ್ತಾ ಬಂದು, ಕೈ ಹಚ್ಚದೆ ಬಾಯಿಂದಲೇ ಅದನ್ನು ತಿನ್ನಬೇಕು. ಗಂಜಿನ ತಮ್ಮ ಅಡತಿ (ಕಮಿಷನ್) ಅಂಗಡಿಯಲ್ಲಿ ದಲಾಲರನ್ನು ನಡುಗಿಸುತ್ತಿದ್ದ ನಮ್ಮ ಮಾವನವರು ಬೊಗಳಿದರು. ಭಾವ ಬೊಗಳಿದರು. ಹೊಸ ಮದುಮಗನಾದ ನನ್ನ ಗಂಡನೂ ಬೊಗಳಿದ, ಎಲ್ಲರಿಗಿಂತ ಸಣ್ಣ ದನಿಯಲ್ಲಿ. ನನಗೆ ಮೊದಲು ನಗು ಬಂತು. ಅದರ ಹಿಂದೆಯೇ, ಭಾವ ನಮ್ಮವರಿಗಿಂತ ಎಷ್ಟು ಚೆಂದ ಬೊಗಳುತ್ತಾರಲ್ಲ ಎಂಬ ಹೊಟ್ಟೆಕಿಚ್ಚು ಬಂತು. ಆ ಮನೆಯಲ್ಲಿ ನನ್ನ ಮೊದಲ ಹೊಟ್ಟೆಕಿಚ್ಚು ಅದು, ಒಂದು ಬೊಗಳುವಿಕೆಯ ಮೇಲೆ.

ಆಮೇಲಿನದೆಲ್ಲ ಗಂಗಕ್ಕನ ಮೇಲೆ. ಗಂಗಕ್ಕ ಎಂದರೆ ಭಾವನ ಹೆಂಡತಿ, ನನ್ನ ನೆಗೆಣ್ಣಿ. ಅವಳು ಬಡಿದ ರೊಟ್ಟಿ ಹೆಂಚಿನ ಮೇಲೆ ತಾನಾಗಿಯೇ ಉಬ್ಬುತ್ತದೆ. ಅವಳು ಬಯ್ದರೂ ಹಾಲಿನವ ನಗುತ್ತಾನೆ. ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ, ಬರುವುದಿಲ್ಲ ಎಂಬ ಚಿಂತೆಯೂ ಇಲ್ಲ. ಇದನ್ನೆಲ್ಲ ನಾನು ಹೇಗೋ ಸಹಿಸಿದೆ. ಸಹಿಸಲಾಗದ್ದು ಒಂದೇ: ನಾಯಿ ಅವಳ ಕೈಯಲ್ಲಿ ಉಣ್ಣುತ್ತದೆ.

ನಮ್ಮ ಓಣಿಯಲ್ಲಿ ಯಾವಾಗಲೂ ಒಂದು ಕರಿ ನಾಯಿ ಇರುತ್ತದೆ. ಒಂದು ಸತ್ತರೆ ಎಲ್ಲಿಂದಲೋ ಇನ್ನೊಂದು ಬರುತ್ತದೆ. ಈಗಿನದಕ್ಕೆ ಒಂದು ಕಿವಿ ಹರಿದಿದೆ. ನಮ್ಮ ಅತ್ತೆ ಅದನ್ನು ಒಡೆಯ ಎನ್ನುತ್ತಾರೆ. ಭಾನುವಾರ (ಅವರ ಬಾಯಲ್ಲಿ ಐತಾರ) ಪೂಜೆ ಆದಮೇಲೆ ಸಜ್ಜೆ ರೊಟ್ಟಿ, ಹಾಲು, ಬೆಲ್ಲದ ಎಡೆ ತೆಗೆದುಕೊಂಡು ಬಾಗಿಲಿಗೆ ಬಂದು "ಬರ್ರಿ ಒಡೆಯಾ, ಊಟ ಮಾಡ್ರಿ" ಎಂದು ಕರೆಯುತ್ತಾರೆ. ನನ್ನನ್ನು ಕರೆಯುವಾಗ "ಏ ಸಣ್ಣಾಕಿ, ಬಾ ಇಲ್ಲಿ" ಎನ್ನುತ್ತಾರೆ. ಈ ವ್ಯತ್ಯಾಸಕ್ಕೆ ನಾನು ಬೇಗ ಹೊಂದಿಕೊಂಡೆ. ಆದರೆ ಎಡೆ ಹಿಡಿದವರು ಯಾರು ಎಂದು ನಾಯಿ ನೋಡುತ್ತದೆ. ಅತ್ತೆಯ ಕೈಯಲ್ಲಿ ಉಣ್ಣುತ್ತದೆ, ಗಂಗಕ್ಕನ ಕೈಯಲ್ಲಿ ಉಣ್ಣುತ್ತದೆ. ನನ್ನ ಕೈಯನ್ನು ಒಂದು ಸಲ ಮೂಸಿ, ದೂರ ಹೋಗಿ, ಬೆನ್ನು ತಿರುಗಿಸಿ ಕೂರುತ್ತದೆ.

ನಾನು ಪ್ರಯತ್ನ ಮಾಡದೆ ಬಿಡಲಿಲ್ಲ. ಬಸ್ ಸ್ಟ್ಯಾಂಡಿನ ಪೇಡೆ ತಂದು ನೋಡಿದೆ. ಪೇಡೆಯನ್ನು ಇರುವೆ ತಿಂದವು. ಒಮ್ಮೆ ಸುರಪುರದಿಂದ ಬರುವಾಗ, ನಮ್ಮದು ಮೊಟ್ಟೆ ಮುಟ್ಟದ ಶರಣರ ಮನೆ ಎಂಬುದನ್ನು ಮರೆತಂತೆ ಮಾಡಿ, ಬೇಯಿಸಿದ ತತ್ತಿಯನ್ನು ಹ್ಯಾಂಡ್‌ಬ್ಯಾಗಿನಲ್ಲಿ ಹಾಕಿಕೊಂಡು ಬಂದು ಕಟ್ಟೆಯ ಸಂದಿಯಲ್ಲಿಟ್ಟೆ. ನಾಯಿ ಅದನ್ನು ಬಾಯಲ್ಲಿ ಹಿಡಿದು ತಂದು ಹೊಸ್ತಿಲ ಮೇಲೆ, ಎಲ್ಲರೂ ನೋಡಲಿ ಎಂಬಂತೆ, ಇಟ್ಟು ಹೋಯಿತು. ಅತ್ತೆ ಹೊಸ್ತಿಲನ್ನು ಮೂರು ನೀರಿನಲ್ಲಿ ತೊಳೆಸಿದರು. ಅಪವಾದ ಕಾಗೆಯ ತಲೆಗೆ ಹೋಯಿತು. ಗಂಗಕ್ಕ ಮಾತ್ರ ನೆಲ ತೊಳೆಯುತ್ತಾ ನನ್ನ ಕಡೆ ನೋಡಿ, "ಕಾಗಿ ಭಾಳ ಶಾಣ್ಯಾ ಆಗ್ಯಾವ. ತತ್ತಿ ಕುದಿಸ್ಕೊಂಡು ತಿನ್ನಾಕತ್ತ್ಯಾವ" ಎಂದಳು.

ಒಂದು ನಾಯಿಯ ಒಲವಿಗೆ ಇಷ್ಟೇಕೆ ಒದ್ದಾಟ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಬಂಡಾರದ ಚೀಲ ಕಾರಣ. ಬಂಡಾರ ಎಂದರೆ ಮಲ್ಲಯ್ಯನ ಅರಿಶಿನಪುಡಿ. ಅತ್ತೆಯ ಹೆಗಲಿನಲ್ಲಿ ಅದರದೊಂದು ಹಳೆಯ ಚರ್ಮದ ಚೀಲ ಇರುತ್ತಿತ್ತು. ಮನೆಯಿಂದ ಯಾರೇ ಊರಿಗೆ ಹೊರಡಲಿ, ಯಾರಿಗೇ ಜ್ವರ ಬರಲಿ, ಯಾವ ಕೂಸೇ ಹುಟ್ಟಲಿ, ಹಣೆಗೆ ಬಂಡಾರ ಹಚ್ಚುವವಳು ಆ ಚೀಲದವಳು. ಮಕ್ಕಳ ಮದುವೆಯ ಮಾತು ಅವಳ ಮುಂದೆ ಆಗಬೇಕು. ಗಂಡಸರೂ ಅವಳ ಮುಂದೆ ಬಗ್ಗಬೇಕು. ಚೀಲ ಯಾರ ಹೆಗಲಲ್ಲಿದೆಯೋ ಅವಳು ಮನೆಯವಳು; ಉಳಿದವರು ಆ ಮನೆಯಲ್ಲಿ ಇರುವವರು, ಅಷ್ಟೇ. ಅತ್ತೆಯ ಕೈ ನಡುಗತೊಡಗಿ ಬಂಡಾರ ಹಣೆಗಿಂತ ಮೂಗಿನ ಮೇಲೆಯೇ ಹೆಚ್ಚು ಬೀಳತೊಡಗಿದಾಗ ಒಂದು ದಿನ ಊಟದ ಹೊತ್ತಿಗೆ ಅವರು ಹೇಳಿದರು:

"ದೀಪಾವಳಿ ಅಮಾಸಿಗಿ ನಾ ಚೀಲ ಇಳಸ್ತೀನಿ. ಇಬ್ಬರೂ ನನ್ನ ಸೊಸ್ತೇರು, ನನಗ ಫರಕ್ ಇಲ್ಲ. ಒಡೆಯ ಯಾರ ಕಡಿ ಆಗ್ತಾರ, ಚೀಲ ಅವರದು."

ಫರಕ್ ಇಲ್ಲವಂತೆ. ನಾನು ಅನ್ನ ಕಲೆಸುತ್ತಾ ಕುಳಿತೆ. ಪರೀಕ್ಷೆಗೆ ಮೊದಲೇ ಫಲಿತಾಂಶ ಹಚ್ಚಿದ ಹಾಗಾಯಿತು. ಗಂಗಕ್ಕ ಏನೂ ಆಗದವಳ ಹಾಗೆ ಎಲ್ಲರಿಗೂ ಸಾರು ಬಡಿಸಿದಳು. ಆ ನೆಮ್ಮದಿ ನನ್ನನ್ನು ಇನ್ನಷ್ಟು ಉರಿಸಿತು.

ಆ ದಿನಗಳಲ್ಲೇ ಟೀ ಶರ್ಟು ಬಂದದ್ದು. ನನ್ನ ಗಂಡ ಅಡತಿಯ ಕೆಲಸಕ್ಕೆ ಸುರಪುರಕ್ಕೆ ಹೋದಾಗ ಅಲ್ಲಿ ಸಂತೆಯಲ್ಲಿ ತಾಡಪತ್ರಿ ಹಾಸಿ ಫಾರಿನ್ನಿನ ಹಳೆ ಬಟ್ಟೆ ಗುಡ್ಡೆ ಹಾಕಿ ಮಾರುತ್ತಿದ್ದರಂತೆ. ಮನೆಯಲ್ಲಿ ಹಾಕಿಕೊಳ್ಳಲು ಸಡಿಲವಾಗಿದೆ ಎಂದು ಆರಿಸಿ ತಂದ. ಚಿತ್ರವನ್ನು ಅವನು ನೋಡಿಯೂ ಇರಲಿಲ್ಲ. ಬಟ್ಟೆಯನ್ನು ಅವನು ಹತ್ತಿಯ ಹಾಗೆ ಬೆರಳಲ್ಲಿ ಹಿಚುಕಿ ನೋಡುತ್ತಾನೆಯೇ ಹೊರತು ಕಣ್ಣಲ್ಲಲ್ಲ. ಎರಡು ದಿನ ಹಾಕಿಕೊಂಡ. ಮೂರನೆಯ ದಿನ ನಾನು ಒಗೆದು ಹಿತ್ತಲ ತಂತಿಗೆ ಹಾಕಿದೆ. ತುಳಸಿಗೆ ನೀರೆರೆಯಲು ಬಂದ ಅತ್ತೆ ತಂತಿಯ ಮುಂದೆ ನಿಂತರು.

"ಸಣ್ಣಾಕೀ, ಇದು ಎಲ್ಲೀದು?"

"ನಿಮ್ಮ ಮಗಾ ತಂದಾರ್ರಿ ಅತ್ತಿ, ಸುರಪುರದಿಂದ."

"ತಾನಾಗೇ ಆರಿಸ್ಯಾನೇನು?"

"ಹೌದ್ರಿ. ಗುಡ್ಡಿ ಒಳಗ ಕೈ ಹಾಕಿದ ಕೂಡ್ಲೇ ಇದೇ ಬಂತಂತ" ಎಂದೆ, ಒಂದಿಷ್ಟು ಸೇರಿಸಿ.

ಅತ್ತೆ ತಂಬಿಗೆಯನ್ನು ಕೆಳಗಿಟ್ಟು, ಒದ್ದೆ ಟೀ ಶರ್ಟಿನ ಮುಂದೆ ಎರಡೂ ಕೈ ಎತ್ತಿ ಮುಗಿದರು. ಹೆಗಲ ಚೀಲದಿಂದ ಬಂಡಾರ ತೆಗೆದು ನಾಯಿಯ ಹಣೆಗೆ ಹಚ್ಚಿದರು. ಒದ್ದೆ ಬಟ್ಟೆಯ ಮೇಲೆ ಅರಿಶಿನ ಕೆಳಗಿನ ತನಕ ಹರಿಯಿತು. "ಏಳು ಕೋಟಿಗೋ" ಎಂದು ಮಲ್ಲಯ್ಯನ ಜಯಕಾರ ಹಾಕಿದರು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಗಂಗಕ್ಕನಿಗೂ ಕೇಳುವ ಹಾಗೆ, "ಗಂಗಾ, ನೋಡಬಾ. ಒಡೆಯರು ಸಣ್ಣಾಕಿ ಕಡಿ ಬಂದಾರ" ಎಂದರು.

ಆ ಕ್ಷಣ ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಮದುವೆಯಲ್ಲೂ ಆಗಿರಲಿಲ್ಲ, ನೌಕರಿಯ ಆರ್ಡರು ಬಂದಾಗಲೂ ಆಗಿರಲಿಲ್ಲ. ಗಂಗಕ್ಕ ಬಂದು ಟೀ ಶರ್ಟನ್ನು ನೋಡಿದಳು, ನನ್ನನ್ನು ನೋಡಿದಳು, ಕೈಮುಗಿದು ಒಳಗೆ ಹೋದಳು. ಆ ಹೊತ್ತಿನ ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳಿಸಿತು. ಸಂಜೆ ಇಸ್ತ್ರಿ ಮಾಡಿದ ಟೀ ಶರ್ಟು ಜಗಲಿಯ ಮೇಲೆ ಕುಳಿತಿತ್ತು. ನನ್ನ ಗಂಡ ಮಾತ್ರ, "ಹಂಗಾದ್ರ ನಾ ಮನ್ಯಾಗ ಏನು ಹಾಕ್ಕೋಬೇಕು" ಎಂದು ಕೇಳಿ ಅತ್ತೆಯಿಂದ ಬಯ್ಗುಳ ತಿಂದ.

ಆ ಸುಖವನ್ನು ಅಲ್ಲಿಗೇ ಬಿಡಬೇಕಿತ್ತು. ಆದರೆ ಹೊಟ್ಟೆಕಿಚ್ಚಿನವರಿಗೆ ಗೆದ್ದದ್ದು ಸಾಲುವುದಿಲ್ಲ, ಗೆದ್ದದ್ದಕ್ಕೆ ಪುರಾವೆ ಬೇಕು. ನನ್ನ ನಾಯಿ ಎಷ್ಟು ದೊಡ್ಡ ಮನೆತನದ್ದು ಎಂದು ಗಂಗಕ್ಕನಿಗೆ ಓದಿ ಹೇಳೋಣ ಎಂದು ಮರುದಿನ ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಅದರ ಹೆಸರು ಹುಡುಕಿದೆ. ಶಹಾಪುರ ಬಿಡುವಾಗ ಹುಡುಕಲು ಶುರುಮಾಡಿದವಳಿಗೆ ಸುರಪುರ ಬಂದದ್ದೇ ಗೊತ್ತಾಗಲಿಲ್ಲ.

ಮೊದಲು ಬಂದದ್ದು, ನೀವು ಊಹಿಸಿದ ಹಾಗೆ, ಹೊಟ್ಟೆಕಿಚ್ಚು. ಆ ಪುಟ್ಟ ದೇಶದಲ್ಲಿ ಜಿಲ್ಲೆಗೊಂದು ದೆವ್ವದ ನಾಯಿ ಇದೆ. ಪೂರ್ವಕ್ಕೆ ನಮ್ಮ ಶಕ್. ಉತ್ತರಕ್ಕೆ ಬಾರ್ಗೆಸ್ಟ್ ಎಂಬುದು, ಅದು ಬರುವಾಗ ಸರಪಳಿ ಎಳೆದ ಸದ್ದಾಗುತ್ತದಂತೆ. ಚರ್ಚಿನ ಸ್ಮಶಾನ ಕಾಯಲು ಬೇರೆ ನಾಯಿ. ಹೊಸ ಸ್ಮಶಾನದಲ್ಲಿ ಮೊದಲು ಹೂಳಿದವರು ಅದನ್ನು ಕಾಯುತ್ತಾ ಇರಬೇಕಾದ್ದರಿಂದ, ಮನುಷ್ಯರಿಗೆ ಆ ಪಾಡು ಬೇಡ ಎಂದು ಒಂದು ಕರಿ ನಾಯಿಯನ್ನು ಮೊದಲು ಹೂಳುತ್ತಿದ್ದರಂತೆ. ಯಾವ ನಾಯಿ ಯಾವ ಸೇತುವೆಯ ಹತ್ತಿರ, ಯಾವ ಬೇಲಿಯ ಸಂದಿಯಲ್ಲಿ ಕಾಣುತ್ತದೆ ಎಂದು ನಕಾಶೆ ಬರೆದಿಟ್ಟಿದ್ದಾರೆ. ಒಂದು ಚರ್ಚಿನ ಬಾಗಿಲ ಮೇಲೆ ಶಕ್ ಉಗುರು ಗೀರಿ ಸುಟ್ಟ ಗುರುತಿದೆ ಎಂದು ಜನ ಬಸ್ಸು ಮಾಡಿಕೊಂಡು ಹೋಗಿ ನೋಡುತ್ತಾರೆ. ನಮ್ಮ ಓಣಿಯ ನಾಯಿ ನಮ್ಮ ಬಾಗಿಲನ್ನು ಎಷ್ಟು ಗೀರಿದೆ, ಯಾರೂ ಒಂದು ಫೋಟೋ ತೆಗೆಯಲಿಲ್ಲ. ಅವರ ದೆವ್ವಗಳಿಗೆ ಎಷ್ಟೊಂದು ಓದುಗರು, ನಮ್ಮ ಮಲ್ಲಯ್ಯನ ನಾಯಿಗೆ ನಮ್ಮ ಅತ್ತೆ ಒಬ್ಬರೇ ಎಂದು ನನ್ನ ಜಿಲ್ಲೆಯ ಪರವಾಗಿ ಉರಿದುಕೊಂಡೆ.

ಆಮೇಲೆ ಕೆಳಗೆ ಓದಿದೆ. ಶಕ್ ಕಣ್ಣಿಗೆ ಬಿದ್ದರೆ, ನೋಡಿದವರೋ ಅವರ ಮನೆಯವರೋ ವರ್ಷ ತುಂಬುವುದರೊಳಗೆ ಸಾಯುತ್ತಾರೆ.

ನಾನು ಮೊಬೈಲು ಮುಚ್ಚಿ ಹ್ಯಾಂಡ್‌ಬ್ಯಾಗಿನಲ್ಲಿ ಹಾಕಿದೆ. ಕ್ಲಾಸಿಗೆ ಹೋಗಿ ಪಾಠ ಮಾಡಿದೆ. ಇದು ಬರೀ ಕಥೆ ಎಂದು ನನಗೆ ನಾನೇ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿಕೊಂಡೆ. ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಶಕ್ ಜಗಲಿಯಿಂದ ಇಳಿಯುತ್ತದೆ, ಶಕ್ ಇಳಿದರೆ ನನ್ನ ಹೆಗಲಿಗೆ ಬರಬೇಕಾದ ಚೀಲ ಗಂಗಕ್ಕನ ಹೆಗಲಿಗೆ ಹೋಗುತ್ತದೆ. ಅಮಾವಾಸ್ಯೆ ಬರುವ ತನಕ ಬಾಯಿ ಮುಚ್ಚಿಕೊಂಡಿದ್ದರೆ ಸಾಕು ಎಂದುಕೊಂಡೆ.

ಅಷ್ಟರಲ್ಲಿ ಅತ್ತೆಗೆ ಜ್ವರ ಬಂತು. ಊರಿಗೆಲ್ಲ ಬಂದಿದ್ದ ಜ್ವರವೇ. ಡಾಕ್ಟರು ಗುಳಿಗೆ ಕೊಟ್ಟು, ವಯಸ್ಸಾಗಿದೆ, ನೋಡಿಕೊಳ್ಳಿ ಎಂದರು. ಅತ್ತೆ ತಮ್ಮ ಹಾಸಿಗೆಯನ್ನು ಜಗಲಿಯ ಎದುರೇ ಹಾಸಿಸಿಕೊಂಡರು, ಒಡೆಯರು ಕಣ್ಣಿಗೆ ಕಾಣುತ್ತಿರಲಿ ಎಂದು. ದಿನವಿಡೀ ಅವರು ಶಕ್ಕನ್ನು ನೋಡುವುದು, ಶಕ್ ಅವರನ್ನು ನೋಡುವುದು. ಇಷ್ಟು ವರ್ಷ ಈ ಮನೆಯಲ್ಲಿದ್ದು ಮಲ್ಲಯ್ಯನ ನಾಯಿಯ ಮಹಿಮೆಯನ್ನು ಒಂದು ದಿನವೂ ಮನಸಾರೆ ನಂಬದ ನಾನು ಆ ವಿಲಾಯತಿ ನಾಯಿಯನ್ನು ಒಂದೇ ಓದಿಗೆ ನಂಬಿಬಿಟ್ಟಿದ್ದೆ, ಇಂಗ್ಲಿಷಿನಲ್ಲಿ ಬರೆದಿತ್ತು ಎಂಬ ಒಂದೇ ಕಾರಣಕ್ಕೆ. ಅತ್ತೆ ಕೆಮ್ಮಿದರೆ ನಾನು ಜಗಲಿಯ ಕಡೆ ನೋಡುತ್ತಿದ್ದೆ. ಟೀ ಶರ್ಟನ್ನು ಎರಡು ದಿನ ಮೈಮೇಲೆ ಹಾಕಿಕೊಂಡಿದ್ದ ನನ್ನ ಗಂಡ ಸೀನಿದರೂ ಓಡಿಹೋಗಿ ಹಣೆ ಮುಟ್ಟಿ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಗಂಗಕ್ಕ ಅತ್ತೆಯ ಕಾಲು ಒತ್ತುತ್ತಿದ್ದಳು. ಅವಳಿಗೂ ಕೇಳಿಸುತ್ತದೆ ಎಂದು ಗೊತ್ತಿದ್ದೂ ಹೇಳಿದೆ.

"ಅತ್ತಿ, ಆ ನಾಯಿ ಮಲ್ಲಯ್ಯಂದು ಅಲ್ರಿ. ವಿಲಾಯತಿ ದೆವ್ವದ ನಾಯಿ ಅದ. ಅದನ್ನ ನೋಡಿದವ್ರು ಉಳಿಯಂಗಿಲ್ಲಂತ್ರಿ. ಅಲ್ಲೀ ಮಂದಿ ಅದರ ಹೆಸರು ಹೇಳಾಕೂ ಅಂಜತಾರಂತ. ನಾ ಓದೀನಿ. ತಗದುಬಿಡೂಣ್ರಿ."

ಅತ್ತೆ ಟೀ ಶರ್ಟಿನ ಕಡೆ ಮುಖ ಮಾಡಿದರು.

"ಅದು ಕಂಡ್ರ ಅಲ್ಲೀ ಮಂದಿ ಏನ್ ಮಾಡ್ತಾರ?"

"ಓಡಿ ಹೋಗ್ತಾರ್ರಿ. ಕಣ್ಣು ಮುಚ್ಕೊಂತಾರ."

"ಯಾರೂ ಒಂದು ರೊಟ್ಟಿ ಹಾಕಂಗಿಲ್ಲೇನು?"

ನಾನು ಮೊಬೈಲಿನಲ್ಲಿ ಓದಿದ್ದನ್ನೆಲ್ಲ ನೆನಪು ಮಾಡಿಕೊಂಡೆ. ನೂರಾರು ವರ್ಷದ ಕಥೆಗಳು, ಅಷ್ಟೊಂದು ನಾಯಿಗಳು, ನಕಾಶೆಗಳು. ಯಾರಾದರೂ ಒಂದು ತುತ್ತು ಹಾಕಿದ್ದು ನಾನು ಓದಿದ್ದರಲ್ಲಿ ಎಲ್ಲೂ ಇರಲಿಲ್ಲ.

"ಇಲ್ರಿ."

"ಮತ್ತ ಕಣ್ಣು ಕೆಂಪ ಆಗದ ಏನಾಗ್ತಾವ" ಎಂದರು ಅತ್ತೆ. "ಹಸದದ. ಅಷ್ಟು ದೂರದಿಂದ ಬಟ್ಟಿ ಗುಡ್ಡಿಯಾಗ ಕುಂತು ಬಂದದ, ಉಣ್ಣಾಕ ಹಾಕೋ ಮನಿ ಹುಡ್ಕೊಂಡು. ಅದನ್ನ ತಗದು ಎಲ್ಲಿ ಒಗೀತಿ? ಇರಲಿ ಬಿಡು."

ಗಂಗಕ್ಕನ ಕಡೆ ತಿರುಗಿದರು. "ಗಂಗಾ, ಚೀಲ ನಿಂದು. ಹಸದವ್ರ ವ್ಯಾಳ್ಯಾ ನಿನಗ ಗೊತ್ತದ." ಆಮೇಲೆ ನನಗೆ ಹೇಳಿದರು: "ಈ ವಿಲಾಯತೀದು ನಿಂದು, ಸಣ್ಣಾಕಿ. ಐತಾರಕ್ಕ ಇದಕ್ಕ ನೀನೇ ಎಡಿ ಹಿಡಿ. ಇದರ ಭಾಷಾ ನಿನಗೊಬ್ಬಾಕಿಗೇ ಬರ್ತದ."

ಅತ್ತೆ ನಗುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಕೆಲಸ ಹಂಚುತ್ತಿದ್ದರು. ನನಗೆ ಅಳು ಬಂತು. ನೀರು ತರುವ ನೆಪದಲ್ಲಿ ಎದ್ದು ಹಿತ್ತಲಿಗೆ ಹೋದೆ. ಸತ್ಯ ಹೇಳಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು. ಅತ್ತೆ ಬದುಕಲಿ ಎಂದು ಹೇಳಿದ್ದು ನಿಜ. ಅಷ್ಟೇ ನಿಜ, ಆ ಚೀಲ ನನಗೆ ಬೇಕಿತ್ತು.

ಅತ್ತೆಯ ಜ್ವರ ಬಂದ ಹಾಗೇ ಹೋಯಿತು. ಅಮಾವಾಸ್ಯೆಯ ದಿನ ಎದ್ದು ಸ್ನಾನ ಮಾಡಿ, ಚೀಲವನ್ನು ಗಂಗಕ್ಕನ ಹೆಗಲಿಗೆ ಹಾಕಿದರು. ಗಂಡಸರು ಬಗ್ಗಿ ಬಂಡಾರ ಹಚ್ಚಿಸಿಕೊಂಡರು, ಭಾವನೂ. ನಾನೂ ಬಗ್ಗಿದೆ. ಗಂಗಕ್ಕನ ಕೈ ಸ್ವಲ್ಪವೂ ನಡುಗಲಿಲ್ಲ; ಬಂಡಾರ ಸರಿಯಾಗಿ ಹಣೆಯ ನಡುವೆ ಕುಳಿತಿತು. ಅದಕ್ಕೂ ಉರಿಯಿತು.

ಸಂಜೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದೆವು. ನಾನು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಜೋಡಿಸುತ್ತಿದ್ದೆ. ಗಂಗಕ್ಕ ಒಲೆಯ ಮುಂದೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿನಗ ಹೊಟ್ಟಿ ಉರಿಯಾಕತ್ತದ ಅಂತ ನನಗ ಗೊತ್ತದ, ಸುಮಿತ್ರಾ."

"ನನಗ್ಯಾಕ ಉರೀತದ್ರಿ ಯಕ್ಕಾ. ಚೀಲ ನಿಮಗ ಬರಾಬರಿ ಆಗ್ಯದ."

"ಸುಳ್ಳು ಹೇಳಬ್ಯಾಡ. ತತ್ತಿ ಇಟ್ಟಾಗಿಂದ ಗೊತ್ತದ ನನಗ. ಆದ್ರ ನನಗ ಉರಿಯೂದು ನಿನಗ ಗೊತ್ತದ ಏನು?"

ನಾನು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟೆ. ಗಂಗಕ್ಕನಿಗೆ ನನ್ನ ಯಾವುದರ ಮೇಲೆ ಹೊಟ್ಟೆ ಉರಿಯಬೇಕು? ಸಂಬಳವನ್ನೇ? ಇಂಗ್ಲಿಷನ್ನೇ?

"ರೊಟ್ಟಿ ನನ್ನ ಕೈಯಾಗ ತಿಂತಾನ, ಹೌದು" ಎಂದಳು ಗಂಗಕ್ಕ. ಅವಳು ನಾಯಿಯನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ತಿಂದು ಕಟ್ಟಿ ಕೆಳಗ ಬಿದ್ದಿರ್ತಾನ. ಮುಂಜಾನಿ ನಸುಕಿನ್ಯಾಗ ನೀ ಕ್ಲಾಸಿಗಿ ಅಂತ ಬಾಗಲಾ ತಗದ ಸಪ್ಪಳಕ್ಕ ಎದ್ದ ಅಂದ್ರ, ನಿನ್ನ ಹಿಂದ ಹೊಂಟೇಬಿಡ್ತಾನ. ಬಸ್ ಸ್ಟ್ಯಾಂಡ್ ತನಕ. ಬಸ್ಸು ಹೋದಮ್ಯಾಲ ಹೊಳ್ಳಿ ಬರ್ತಾನ. ದಿನಾ. ನಾ ಕಸಾ ಹೊಡಿಯಾಕತ್ತಿರ್ತೀನಿ, ಕರೀತೀನಿ. ಕಿವಿ ಸುದಾ ಅಲಗಸಂಗಿಲ್ಲ. ಹ್ವಾದ ವರ್ಷ ನಾ ತವರಿಗಿ ಹೊಂಟಾಗ ಹಿಂದ ನೋಡಿ ನೋಡಿ ಕುತ್ತಿಗಿ ನೋವಾತು. ಬರಲಿಲ್ಲ. ನಾ ರೊಟ್ಟಿ ಹಾಕಾಕಿ ಅಷ್ಟೇ. ಅಂವಾ ನಿನ್ನ ನಾಯಿ."

"ನಾ ಒಂದಿನಾನೂ ನೋಡಿಲ್ರಿ ಯಕ್ಕಾ."

"ನೀ ಎಲ್ಲಿ ಹಿಂದ ನೋಡ್ತಿ? ಕಿವಿಯಾಗ ವೈರ್ ಹಾಕ್ಕೊಂಡು, ಬಸ್ಸು ತಪ್ತದ ಅಂತ ಓಡತಿ. ಅಂವಾ ದೂರಾ ಇರ್ತಾನ, ಸಪ್ಪಳಾ ಮಾಡಂಗಿಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಹೊಗೆಯಿಂದ ಎನ್ನೋಣವೆಂದರೆ ನಮ್ಮದು ಗ್ಯಾಸಿನ ಒಲೆ.

ಅವತ್ತು ಮಲಗುವ ಮುಂಚೆ ಮೊಬೈಲಿನಲ್ಲಿ ಆ ನಾಯಿಗಳನ್ನು ಮತ್ತೆ ತೆರೆದೆ. ಮೊದಲ ಸಲ ಅವಸರದಲ್ಲಿ ಬೆರಳಿನಿಂದ ಸರಿಸಿಬಿಟ್ಟಿದ್ದ ಒಂದು ತುಣುಕು ಅಲ್ಲಿತ್ತು. ಇಂಗ್ಲೆಂಡಿನ ಒಂದು ಜಿಲ್ಲೆಯಲ್ಲಿ ಕರಿ ನಾಯಿಯನ್ನು ಕಂಡು ಯಾರೂ ಸಾಯುವುದಿಲ್ಲ. ನಿರ್ಜನವಾದ ದಾರಿಯಲ್ಲಿ ಹೆಂಗಸೊಬ್ಬಳೇ ನಡೆಯುತ್ತಿದ್ದರೆ ಅದು ಎಲ್ಲಿಂದಲೋ ಬಂದು ಅವಳ ಜೊತೆ ನಡೆಯುತ್ತದೆ. ಅವಳು ಸೇರುವ ಕಡೆ ಸೇರಿದ ಮೇಲೆ ಕಾಣದಾಗುತ್ತದೆ. ಅಷ್ಟೇ ಬರೆದಿತ್ತು. ಹೆದರಿಸುವುದು ಏನೂ ಇಲ್ಲದ್ದರಿಂದ ನಾನು ಅದನ್ನು ಓದಿರಲೇ ಇಲ್ಲ.

ಹಬ್ಬ ಮುಗಿದು ಶಾಲೆ ತೆರೆದ ದಿನ ನಸುಕಿನಲ್ಲಿ ಬಾಗಿಲು ತೆಗೆದು ಹೊರಬಿದ್ದೆ. ಕಿವಿಗೆ ವೈರು ಹಾಕಲಿಲ್ಲ. ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದೆ. ನಾಯಿ ಇತ್ತು. ಹರಿದ ಕಿವಿ, ಕಪ್ಪು ಮೈ, ಬೀದಿದೀಪದ ಬೆಳಕು ಮುಗಿಯುವಲ್ಲಿ ನಿಂತಿತ್ತು. ನಾನು ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ಹತ್ತಿರ ಬರಲಿಲ್ಲ, ಬಾಲವನ್ನೂ ಆಡಿಸಲಿಲ್ಲ. ಅದರ ಆಚೆ ನಮ್ಮ ಬಾಗಿಲಲ್ಲಿ ಗಂಗಕ್ಕ ಕಸಬರಿಗೆ ಹಿಡಿದು ನಿಂತಿದ್ದಳು. ಹೆಗಲಲ್ಲಿ ಬಂಡಾರದ ಚೀಲವಿತ್ತು. ಆ ದೂರಕ್ಕೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಆದರೆ ಹಾಗೆ ಕುತ್ತಿಗೆ ಮುಂದೆ ಚಾಚಿ, ಕೈಯಲ್ಲಿದ್ದ ಕೆಲಸ ಮರೆತು ನಿಲ್ಲುವವರಿಗೆ ಒಳಗೆ ಏನಾಗುತ್ತಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಎರಡು ದಾರಿ. ಒಂದು, ಕಿರಾಣಿ ಅಂಗಡಿಯ ಮಗ್ಗುಲಿಗೆ ಒಮ್ಮೆಲೇ ತಿರುಗುವ ಹತ್ತಿರದ ಸಂದಿ. ದಿನಾ ನಾನು ಹೋಗುವುದು ಅದರಲ್ಲೇ. ಇನ್ನೊಂದು ಹತ್ತಿ ಮಿಲ್ಲಿನ ಉದ್ದದ ನೇರ ರಸ್ತೆ. ನಮ್ಮ ಬಾಗಿಲಲ್ಲಿ ನಿಂತರೆ ಕೊನೆಯ ತನಕ ಕಾಣುತ್ತದೆ. ಅವತ್ತು ನಾನು ಮಿಲ್ಲಿನ ರಸ್ತೆ ಹಿಡಿದು, ಸಾವಕಾಶವಾಗಿ, ನಡುವಿನಲ್ಲಿ ನಡೆದೆ. ಬಸ್ಸು ತಪ್ಪಿದರೆ ತಪ್ಪಲಿ, ನಮ್ಮಿಬ್ಬರನ್ನೂ ಅಕ್ಕ ಇನ್ನೊಂದಿಷ್ಟು ಹೊತ್ತು ನೋಡಲಿ ಎಂದು.